ಅಡುಗೆಮನೆಯಿಂದ ಸಂಪಿನವರೆಗೆ: ನಾಯಿ, ಬೆಕ್ಕು ಸಾಕಿದವರು ಮನೆಯನ್ನೊಮ್ಮೆ ತಪಾಸಣೆ ಮಾಡುವ ಬಗೆ

ವಾಂತಿ ಮಾಡುತ್ತಿರುವ ನಾಯಿಯನ್ನೋ ಮಂಕಾಗಿ ಕೂತ ಬೆಕ್ಕನ್ನೋ ಎತ್ತಿಕೊಂಡು ಪಶುವೈದ್ಯರ ಹತ್ತಿರ ಹೋದರೆ ಅವರು ಮೊದಲು ಕೇಳುವುದು, "ಏನು ಕೊಟ್ಟಿರಿ?" ಅಂತ. ಏನು ತಿಂತು ಅನ್ನುವ ಪ್ರಶ್ನೆ ಆಮೇಲೆ. ಮೊದಲ ಸಲ ಇದನ್ನು ಕೇಳಿಸಿಕೊಂಡಾಗ ನನಗೆ ಬೇಸರವಾಗಿತ್ತು, ಮಗುವಿನ ಹಾಗೆ ಸಾಕಿದ ಜೀವಕ್ಕೆ ನಾವ್ಯಾಕೆ ಕೆಟ್ಟದ್ದು ಕೊಡುತ್ತೇವೆ ಎಂದು. ವರ್ಷಗಟ್ಟಲೆ ನಾಯಿ ಬೆಕ್ಕುಗಳ ಜೊತೆ ಬದುಕಿದ ಮೇಲೆ ಆ ಪ್ರಶ್ನೆ ಎಷ್ಟು ಸರಿ ಅಂತ ಗೊತ್ತಾಗಿದೆ. ಮೈ ಬಿಸಿಯಾಗಿದೆ ಎಂದು ಅರ್ಧ ಮಾತ್ರೆ, ಪಾಪ ಆಸೆಯಿಂದ ನೋಡುತ್ತಿದೆ ಎಂದು ಬಿರಿಯಾನಿಯ ಕೊನೇ ತುತ್ತು, ಉಣುಗು ಹತ್ತಿದೆ ಎಂದು ದನಕ್ಕೆ ತಂದಿಟ್ಟ ಔಷಧಿ. ನಮ್ಮ ಮನೆಗಳಲ್ಲಿ ಬಹಳಷ್ಟು ಅಪಾಯ ಪ್ರೀತಿಯ ಕೈಯಿಂದಲೇ ಬರುತ್ತದೆ. ಉಳಿದದ್ದು, ನಮ್ಮ ಕಣ್ಣಿನ ಎತ್ತರಕ್ಕೆ ಕಾಣದೆ ಬಿದ್ದಿರುವ ವಸ್ತುಗಳಿಂದ.

ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡರೆ ಮನೆಯನ್ನು ಪೂರ್ತಿ ತಪಾಸಣೆ ಮಾಡಿ ಮುಗಿಸಬಹುದು. ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ನೆಲಕ್ಕೆ ಕೂರಿ

ನಿಂತುಕೊಂಡು ನೋಡಿದರೆ ಏನೂ ಕಾಣುವುದಿಲ್ಲ. ಮೊಣಕಾಲೂರಿ, ಬೇಕಿದ್ದರೆ ಮಕಾಡೆ ಮಲಗಿ, ಸೋಫಾ, ಮಂಚ, ಬೀರು, ಫ್ರಿಜ್ಜಿನ ಅಡಿಗೆ ಟಾರ್ಚ್ ಬಿಟ್ಟು ನೋಡಿ. ಕಳೆದ ಬಾರಿ ನಮ್ಮ ಮಂಚದ ಕೆಳಗೆ ಸಿಕ್ಕಿದ್ದು: ಕಿವಿಯೋಲೆಯ ತಿರುಪು, ಎರಡು ರಬ್ಬರ್ ಬ್ಯಾಂಡು, ಒಂದು ಗುಂಡಿ ಬ್ಯಾಟರಿ, ಅರ್ಧ ಹರಿದ ಮಾತ್ರೆ ಪಟ್ಟಿ. ಇದರಲ್ಲಿ ಗುಂಡಿ ಬ್ಯಾಟರಿ ಅತಿ ಕೆಟ್ಟದ್ದು. ಗಂಟಲಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸುಟ್ಟು ತೂತು ಮಾಡಿಬಿಡುತ್ತದೆ.

ಬೆಕ್ಕಿದ್ದರೆ ಇನ್ನೊಂದು ಸುತ್ತು ಬೇಕು. ಅದು ಹತ್ತುವ ಕಡೆಗಳಿಗೆಲ್ಲ, ಅಂದರೆ ಫ್ರಿಜ್ಜಿನ ತಲೆ, ದೇವರ ಗೂಡು, ಅಟ್ಟ, ಕಿಟಕಿಯ ಚೌಕಟ್ಟು, ಸ್ಟೂಲ್ ಹಾಕಿಕೊಂಡು ಹತ್ತಿ ನೋಡಿ. ಮರಿನಾಯಿ ಇದ್ದರೆ ಮೂರರಿಂದ ಆರೇಳು ತಿಂಗಳು ಹಲ್ಲು ಬದಲಾಗುವ ಕಾಲ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಟಿವಿ, ಮೊಬೈಲ್ ಚಾರ್ಜರ್, ಇಸ್ತ್ರಿಪೆಟ್ಟಿಗೆಯ ವೈರುಗಳನ್ನು ಆ ನಾಲ್ಕು ತಿಂಗಳಾದರೂ ಪ್ಲಾಸ್ಟಿಕ್ ಪೈಪಿನೊಳಗೆ ಸೇರಿಸಿ, ಬೇಡದಾಗ ಸ್ವಿಚ್ ಆರಿಸಿ.

2. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ

ಈರುಳ್ಳಿ, ಬೆಳ್ಳುಳ್ಳಿಯಿಂದ ಶುರು ಮಾಡೋಣ, ಯಾಕೆಂದರೆ ಇವಿಲ್ಲದ ಸಾಂಬಾರು, ಪಲ್ಯ, ಕೋಳಿ ಸಾರು ಬಹುತೇಕ ಮನೆಗಳಲ್ಲಿ ಇಲ್ಲ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಗೆ ಅದರ ತೂಕದ ಪ್ರತಿ ಕಿಲೋಗೆ ಸುಮಾರು 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ತೊಂದರೆ ಕಾಣುತ್ತದೆ. ಬೆಕ್ಕಿಗೆ ಕಿಲೋಗೆ 5 ಗ್ರಾಂ ಸಾಕು. ನಾಲ್ಕು ಕಿಲೋ ಬೆಕ್ಕಿಗೆ ಅದು ಇಪ್ಪತ್ತೇ ಗ್ರಾಂ, ಒಂದು ಸಾಧಾರಣ ಗಡ್ಡೆಯ ಕಾಲು ಭಾಗ. ಬೆಳ್ಳುಳ್ಳಿ ಇದಕ್ಕಿಂತ ಇನ್ನೂ ತೀಕ್ಷ್ಣ. ಒಂದೇ ದಿನ ಅಷ್ಟು ತಿನ್ನಬೇಕೆಂದೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಸಾರನ್ನ ಹಾಕಿದರೂ ಹಾನಿ ಕೂಡುತ್ತಾ ಹೋಗುತ್ತದೆ. ಲಕ್ಷಣ ಕೂಡಲೇ ಕಾಣುವುದಿಲ್ಲ ಎನ್ನುವುದೇ ಇದರ ಮೋಸ. ಮೂರು ನಾಲ್ಕು ದಿನವಾದ ಮೇಲೆ ಸುಸ್ತು, ಬಿಳಿಚಿದ ವಸಡು, ಕಾಫಿ ಬಣ್ಣದ ಉಚ್ಚೆ. ಅಷ್ಟರಲ್ಲಿ ನಮಗೆ ಏನು ಕೊಟ್ಟಿದ್ದೆವೆಂಬುದೇ ಮರೆತಿರುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ಬಹಳ ಕಾಲದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರು ಅದು ಟಾರ್ಟಾರಿಕ್ ಆಮ್ಲ ಇರಬೇಕು ಎಂದು ಬರೆದರು. ನಮ್ಮನ್ನು ಎಚ್ಚರಿಸಬೇಕಾದ ಸಂಗತಿ ಮುಂದಿದೆ: ಅದೇ ಆಮ್ಲ ಹೇರಳವಾಗಿರುವ ಇನ್ನೊಂದು ಹಣ್ಣು ಹುಣಸೆ, ಮತ್ತು ಹುಣಸೆ ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ತೊಂದರೆ ಕಂಡದ್ದನ್ನು ಅವರು ಆಮೇಲೆ ದಾಖಲಿಸಿದರು. ತೆಳು ಸಾರನ್ನು ಒಂದು ಸಲ ನೆಕ್ಕಿತೆಂದು ಗಾಬರಿಯಾಗಿ ಓಡಬೇಕಿಲ್ಲ. ಆದರೆ ಪುಳಿಯೋಗರೆ ಗೊಜ್ಜು, ಕಿವುಚಿ ಬಿಸಾಡಿದ ಹುಣಸೆ ಹಿಪ್ಪೆ, ಬಿಸಿಲಿಗೆ ಒಣಹಾಕಿದ ಹುಣಸೆ ಉಂಡೆ, ಮಕ್ಕಳ ಹುಣಸೆ ಲಾಲಿಪಾಪ್, ಇವೆಲ್ಲ ನಾಯಿಗೆ ಎಟುಕದ ಕಡೆ ಇರಲಿ. ಕೇಸರಿಬಾತು, ಪಾಯಸ ಕೊಡುವವರು ಒಣದ್ರಾಕ್ಷಿಯ ನೆನಪಿಡಿ. ದ್ರಾಕ್ಷಿಗೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಅಳತೆ ಇಲ್ಲ. ಒಂದು ನಾಯಿ ಹಿಡಿಯಷ್ಟು ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕೈದಕ್ಕೇ ಮಲಗುತ್ತದೆ.

ಚಾಕೊಲೇಟಿನ ಬಗ್ಗೆ ಈಗ ಎಲ್ಲರಿಗೂ ಗೊತ್ತು. ಬಣ್ಣ ಎಷ್ಟು ಕಪ್ಪೋ ಅಷ್ಟು ಅಪಾಯ ಎಂದು ನೆನಪಿಟ್ಟರೆ ಸಾಕು. ಆದರೆ ಕಾಫಿಯ ಗಸಿಯ ಕಡೆ ಯಾರೂ ಗಮನ ಕೊಡುವುದಿಲ್ಲ. ಬೆಳಿಗ್ಗೆ ಫಿಲ್ಟರ್ ತೊಳೆದು ಗಸಿಯನ್ನು ಗುಲಾಬಿ ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ! ಡಿಕಾಕ್ಷನ್ ಇಳಿದ ಮೇಲೂ ಅದರಲ್ಲಿ ಕೆಫೀನ್ ಉಳಿದಿರುತ್ತದೆ. ಮೇಲೆ ಹಾಲಿನ ವಾಸನೆಯೂ ಸೇರಿದರೆ ಮರಿನಾಯಿ ಮಣ್ಣು ಸಮೇತ ತಿನ್ನುತ್ತದೆ. ಎದೆ ಬಡಿತ ಜೋರಾಗುವುದು, ನಿಂತಲ್ಲಿ ನಿಲ್ಲದಿರುವುದು, ನಡುಕ, ಇವು ಲಕ್ಷಣ. ಗಸಿಯನ್ನು ಮುಚ್ಚಳವಿರುವ ಕಾಂಪೋಸ್ಟ್ ಡಬ್ಬಿಗೆ ಹಾಕಿ.

ಸಕ್ಕರೆರಹಿತ ಚೂಯಿಂಗ್ ಗಮ್, ಮಿಂಟ್, ಕೆಲವು ಪೀನಟ್ ಬಟರ್, ಕೆಲವು ಟೂತ್‌ಪೇಸ್ಟುಗಳಲ್ಲಿ ಜೈಲಿಟಾಲ್ ಎಂಬ ಸಿಹಿ ಇರುತ್ತದೆ. ನಮ್ಮ ಮಧುಮೇಹಿಗಳು ಸಕ್ಕರೆಯ ಬದಲಿಗೆ ಅದನ್ನು ಬಳಸುವುದುಂಟು. ನಾಯಿಯ ದೇಹ ಅದನ್ನು ಸಕ್ಕರೆ ಎಂದೇ ತಿಳಿದು ಇನ್ಸುಲಿನ್ ಸುರಿಸುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಪಾತಾಳಕ್ಕಿಳಿದು ನಾಯಿ ತೂರಾಡಿ ಬೀಳಬಹುದು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ಕೊಳ್ಳಿ. ವ್ಯಾನಿಟಿ ಬ್ಯಾಗನ್ನು ಸೋಫಾದ ಮೇಲೆ ಬಾಯಿ ತೆರೆದು ಇಡಬೇಡಿ.

ಕಸದ ಬುಟ್ಟಿಗೆ ಪೆಡಲ್ ಇರುವ, ಭಾರದ ಮುಚ್ಚಳ ಹಾಕಿ, ಸಾಧ್ಯವಾದರೆ ಸಿಂಕಿನ ಕೆಳಗಿನ ಕಪಾಟಿನೊಳಗಿಡಿ. ಬೆಂದ ಕೋಳಿ ಮೂಳೆ ಚೂರಾಗುವಾಗ ಸೂಜಿಯ ಹಾಗೆ ಸೀಳುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಇದಕ್ಕಿಂತ ದೊಡ್ಡ ತಲೆನೋವು ಮಾವಿನ ಓಟೆ. ನುಣ್ಣಗೆ, ಸಿಹಿಯಾಗಿ, ಬಾಯಿಗೆ ಸರಿಯಾಗಿ ಹಿಡಿಯುವ ಗಾತ್ರ. ಲ್ಯಾಬ್ರಡಾರ್ ಅದನ್ನು ಇಡಿಯಾಗಿ ನುಂಗುತ್ತದೆ, ಕರುಳಲ್ಲಿ ಅದು ಬಿರಡೆಯಂತೆ ಕೂರುತ್ತದೆ. ಎಷ್ಟೋ ಸಲ ಆಪರೇಷನ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೆಕ್ಕೆಜೋಳದ ದಿಂಡೂ ಹಾಗೆಯೇ. ಮಾವಿನಹಣ್ಣು ತಿಂದ ತಟ್ಟೆಯಲ್ಲಿ ಓಟೆ ಎಷ್ಟು ಎಂದು ಎಣಿಸಿ ಬಿಸಾಡುವುದು ನಮ್ಮ ಮನೆಯ ರೂಢಿ.

3. ಮಾತ್ರೆ ಡಬ್ಬಿಗೆ ಬೀಗ

ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನಿಟ್ಟುಕೊಳ್ಳಿ: ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ, ಮಕ್ಕಳ ಸಿರಪ್ಪಿನ ನಾಲ್ಕು ಹನಿಯೂ ಬೇಡ. ಕ್ರೋಸಿನ್, ಕಾಲ್ಪಾಲ್, ಡೋಲೋ ಎಲ್ಲವೂ ಅದೇ. ಈ ಔಷಧವನ್ನು ಕರಗಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ಮಾತ್ರೆ ವಿಷವಾಗಿ ತಿರುಗಿ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜ ಊದುತ್ತವೆ, ಉಸಿರಿಗೆ ಒದ್ದಾಡುತ್ತದೆ. ಒಂದು 500 ಮಿಲಿಗ್ರಾಂ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಬಲ್ಲದು. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ತಲುಪಿದರೆ ಬದುಕಿಸಬಹುದು.

ನಾಯಿಗೆ ನಮ್ಮ ನೋವಿನ ಮಾತ್ರೆಗಳು ಅಷ್ಟೇ ಕೆಟ್ಟವು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ವಾಂತಿ ಮಾಡಿಸುತ್ತವೆ, ಮೂತ್ರಪಿಂಡ ನಿಲ್ಲಿಸುತ್ತವೆ. ವಯಸ್ಸಾದ ನಾಯಿ ಕುಂಟಿದಾಗ ಮನೆಯ ಅಜ್ಜನಿಗೆ ಬರೆದುಕೊಟ್ಟ ಮಂಡಿನೋವಿನ ಮಾತ್ರೆ ಮುರಿದು ಕೊಡುವವರು ಬಹಳ ಮಂದಿ. ಅಂಥವರಲ್ಲಿ ಕೈಮುಗಿದು ಕೇಳುತ್ತೇನೆ, ಕೊಡಬೇಡಿ. ನಾಯಿಗೆಂದೇ ಬೇರೆ ನೋವಿನ ಔಷಧಗಳಿವೆ, ವೈದ್ಯರು ತೂಕ ನೋಡಿ ಬರೆಯುತ್ತಾರೆ.

ಅಮೃತಾಂಜನ, ವಿಕ್ಸ್ ತರಹದ ಮುಲಾಮು, ಕರ್ಪೂರದ ಎಣ್ಣೆ, ನೀಲಗಿರಿ ಎಣ್ಣೆ ಹಚ್ಚುವುದೂ ಬೇಡ. ಹಚ್ಚಿದ್ದನ್ನೆಲ್ಲ ಅವು ನೆಕ್ಕುತ್ತವೆ. ಕರ್ಪೂರ ಹೊಟ್ಟೆ ಸೇರಿದರೆ ಫಿಟ್ಸ್ ಬರುತ್ತದೆ. ಕಜ್ಜಿಗೆ ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗುತ್ತದೆ.

ಮಾಡಬೇಕಾದ ಕೆಲಸ ಸುಲಭ. ಮನೆಯ ಎಲ್ಲ ಮಾತ್ರೆಗಳನ್ನೂ ಗಟ್ಟಿ ಮುಚ್ಚಳದ ಒಂದೇ ಡಬ್ಬಿಗೆ ಸೇರಿಸಿ, ಬಾಗಿಲು ಹಾಕುವ ಕಪಾಟಿನಲ್ಲಿಡಿ. ಹಿರಿಯರು ರಾತ್ರಿಯ ಮಾತ್ರೆಯನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುವುದಾದರೆ ಅದಕ್ಕೊಂದು ಸ್ಟೀಲ್ ಡಬ್ಬಿ ಕೊಡಿ.

4. ದಾರ

ಶ್ರಾವಣದ ಒಂದು ಶುಕ್ರವಾರ. ಅಮ್ಮ ಮೊರದ ತುಂಬ ಮಲ್ಲಿಗೆ ಮೊಗ್ಗು ಇಟ್ಟುಕೊಂಡು ಮಾಲೆ ಕಟ್ಟುತ್ತಿದ್ದರು, ಪುಟ್ಟಿ ಎಂಬ ನಮ್ಮ ಬೂದು ಬೆಕ್ಕು ದಾರದ ಉಂಡೆಯ ಜೊತೆ ಆಡುತ್ತಿತ್ತು. ನೋಡಿ ಖುಷಿಪಟ್ಟೆವು. ಮಾರನೇ ದಿನ ಸಂಜೆ ಎರಡು ಸಲ ವಾಂತಿ. ಕೂದಲುಂಡೆ ಇರಬೇಕು ಅಂದುಕೊಂಡೆವು. ಮೂರನೇ ದಿನ ಮೀನು ಇಟ್ಟರೂ ಮೂಸಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯೆ ಪುಟ್ಟಿಯ ಬಾಯಿ ತೆರೆದು, ದವಡೆಯ ಕೆಳಗಿಂದ ಹೆಬ್ಬೆರಳು ಒತ್ತಿ ನಾಲಿಗೆ ಎತ್ತಿದರು. ನಾಲಿಗೆಯ ಬುಡಕ್ಕೆ ಒಂದು ಬಿಳಿ ದಾರ ಸುತ್ತಿಕೊಂಡು ಮಾಂಸಕ್ಕೆ ಇಳಿದಿತ್ತು. ಅದಕ್ಕೆ ಅಂಟಿಕೊಂಡು ಕಂದಿದ ಒಂದು ಮಲ್ಲಿಗೆ ಎಸಳು. ಇನ್ನೊಂದು ತುದಿ ಕರುಳಿನಲ್ಲಿತ್ತು.

ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿ ಬಾಗಿರುತ್ತವೆ. ದಾರದ ತುದಿ ಒಮ್ಮೆ ಸಿಕ್ಕಿದರೆ ಅದಕ್ಕೆ ಉಗಿಯಲಾಗುವುದಿಲ್ಲ, ನುಂಗುತ್ತಾ ಹೋಗಬೇಕು. ಒಂದು ತುದಿ ನಾಲಿಗೆಯಲ್ಲೋ ಜಠರದ ಬಾಯಲ್ಲೋ ಸಿಕ್ಕಿ, ಉಳಿದದ್ದನ್ನು ಕರುಳು ಮುಂದಕ್ಕೆ ತಳ್ಳಲು ನೋಡುತ್ತದೆ. ಪಾಯಿಜಾಮದ ಲಾಡಿ ಎಳೆದರೆ ಬಟ್ಟೆ ನೆರಿಗೆಗಟ್ಟುವ ಹಾಗೆ ಕರುಳು ನೆರಿಗೆಗಟ್ಟುತ್ತದೆ, ಬಿಗಿದ ದಾರ ಅದನ್ನು ಗರಗಸದಂತೆ ಕೊಯ್ಯುತ್ತದೆ. ಪುಟ್ಟಿಗೆ ಆಪರೇಷನ್ ಆಯಿತು, ಬದುಕಿತು. ಆಮೇಲೆ ಒಂಬತ್ತು ವರ್ಷ ನಮ್ಮೊಡನಿತ್ತು.

ಹೂವಿನ ದಾರ, ಹೊಲಿಗೆ ದಾರ ಸೂಜಿ ಸಮೇತ, ಉಲ್ಲನ್, ಸ್ವೀಟ್ ಡಬ್ಬಿಯ ರಿಬ್ಬನ್, ರಾಖಿ, ಗಾಳಿಪಟದ ನೂಲು, ಕೂದಲಿನ ರಬ್ಬರ್, ಕೋಳಿ ಮಾಂಸಕ್ಕೆ ಕಟ್ಟಿದ ಹುರಿ, ಎಲ್ಲಕ್ಕೂ ಒಂದು ಮುಚ್ಚಳದ ಡಬ್ಬಿ. ಮುಡಿದು ತೆಗೆದ ಹೂವನ್ನು, ದೇವರಿಂದ ಇಳಿಸಿದ ನಿರ್ಮಾಲ್ಯವನ್ನು ದಾರ ಬಿಡಿಸಿಯೇ ಗಿಡಕ್ಕೆ ಹಾಕಿ. ಬಾಳೆನಾರಿನಲ್ಲಿ ಕಟ್ಟಿದ್ದಕ್ಕೂ ಇದೇ ಎಚ್ಚರ. ಬೆಕ್ಕಿನ ಬಾಯಿಂದಲೋ ಗುದದಿಂದಲೋ ದಾರ ಜೋಲುತ್ತಿರುವುದು ಕಂಡರೆ ಎಳೆಯಬೇಡಿ. ಎಳೆದರೆ ಒಳಗೆ ಕರುಳು ಕೊಯ್ದುಹೋಗುತ್ತದೆ. ಕತ್ತರಿಸಲೂ ಹೋಗದೆ ಹಾಗೇ ವೈದ್ಯರ ಬಳಿ ಒಯ್ಯಿರಿ.

5. ಇಲಿ, ಸೊಳ್ಳೆ, ಉಣುಗು, ನೆಲ

ಇಲಿ ಪಾಷಾಣದಲ್ಲಿ ಮುಖ್ಯವಾಗಿ ಎರಡು ಬಗೆ, ಎರಡರ ನಡೆಯೂ ಬೇರೆ. ಬೂದುಕಪ್ಪು ಪುಡಿಯಾಗಿ ಸಿಗುವುದು ಹೆಚ್ಚಾಗಿ ಜಿಂಕ್ ಫಾಸ್ಫೈಡ್. ಜಠರದ ಆಮ್ಲ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಊಟ ಕೊಟ್ಟರೆ ಆಮ್ಲ ಹೆಚ್ಚುತ್ತದೆ, ಅನಿಲವೂ ಹೆಚ್ಚುತ್ತದೆ, ಹಾಗಾಗಿ ಇದನ್ನು ತಿಂದ ನಾಯಿಗೆ ಅನ್ನ ಹಾಲು ಏನನ್ನೂ ಕೊಡಬಾರದು. ಅದು ವಾಂತಿ ಮಾಡಿದರೆ ಆ ಗಾಳಿ ನಮಗೂ ವಿಷ. ಕಿಟಕಿ ತೆರೆದು ಮಕ್ಕಳನ್ನು ದೂರ ಕಳಿಸಿ, ಕಾರಿನಲ್ಲಿ ಒಯ್ಯುವಾಗ ಗಾಜು ಇಳಿಸಿ.

ನೀಲಿ, ಗುಲಾಬಿ ಬಣ್ಣದ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಬ್ರೊಮಾಡಿಯೊಲೋನ್ ಇರುತ್ತದೆ. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ದಿನ ನಾಯಿ ಕುಣಿದುಕೊಂಡಿರುತ್ತದೆ. ಮೂರರಿಂದ ಐದು ದಿನದಲ್ಲಿ ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ: ಸುಸ್ತು, ಏದುಸಿರು, ಮೂಗಲ್ಲಿ ರಕ್ತ. ಬಿಲ್ಲೆ ಕಚ್ಚಿದ್ದು ಕಂಡ ಗಳಿಗೆಯಲ್ಲೇ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸುವುದು ಕಷ್ಟವಲ್ಲ. ಆದರೆ ಆ ಔಷಧ ವಾರಗಟ್ಟಲೆ ನಡೆಯಬೇಕು, ನಡುವೆ ನಿಲ್ಲಿಸಬಾರದು. ಬೆಕ್ಕು ವಿಷ ತಿಂದ ಇಲಿಯನ್ನು ತಿಂದರೂ ತೊಂದರೆ ಬರಬಹುದು. ಪ್ರಾಣಿ ಇರುವ ಮನೆಯಲ್ಲಿ ಪಾಷಾಣವೇ ಬೇಡ ಎಂಬುದು ನನ್ನ ಗಟ್ಟಿ ನಿಲುವು. ಕಬ್ಬಿಣದ ಬೋನು ಇಡಿ, ಬಾಗಿಲ ಸಂದಿಗೆ ಪಟ್ಟಿ ಹೊಡೆಸಿ, ಧಾನ್ಯವನ್ನು ಡಬ್ಬಿಗೆ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿಗೆ ಪಾಷಾಣ ಇಡುವ ದಿನವನ್ನು ಮುಂಚೆ ತಿಳಿಸುವಂತೆ ಸಂಘಕ್ಕೆ ಬರೆದುಕೊಡಿ.

ಉಣುಗಿನ ಔಷಧಿಯಲ್ಲಿ ಎರಡು ತಪ್ಪು ನಡೆಯುತ್ತವೆ. ದನಕ್ಕೆ ನೀರಲ್ಲಿ ಬೆರೆಸಿ ಹಾಕುವ ದ್ರಾವಣವನ್ನು ಅಂದಾಜಿನಲ್ಲಿ, ಕೆಲವೊಮ್ಮೆ ಬೆರೆಸದೆಯೇ, ನಾಯಿಗೆ ಹಚ್ಚುವುದು ಒಂದು. ನಾಯಿಯ ಕತ್ತಿಗೆ ಹಾಕುವ ಹನಿ ಔಷಧಿಯನ್ನು ಬೆಕ್ಕಿಗೂ ಹಾಕುವುದು ಇನ್ನೊಂದು. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಕೆಲವು ಗಂಟೆಗಳಲ್ಲಿ ನಡುಗಲು ಶುರುಮಾಡಿ ಫಿಟ್ಸ್‌ಗೆ ಹೋಗುತ್ತದೆ. ಹಾಗೇನಾದರೂ ಆದರೆ ಪಾತ್ರೆ ತೊಳೆಯುವ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಹೊರಡಿ.

ಫಿನೈಲು ಹಾಕಿ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಐದು ನಿಮಿಷದಲ್ಲಿ ತನ್ನ ಪಂಜ ನೆಕ್ಕುತ್ತದೆ. ಫೀನಾಲ್ ವರ್ಗದ ರಾಸಾಯನಿಕಗಳನ್ನು ಹೊರಹಾಕಲೂ ಅದರ ಯಕೃತ್ತಿಗೆ ಆಗುವುದಿಲ್ಲ, ಪ್ಯಾರಾಸಿಟಮಾಲಿನದೇ ಕಥೆ. ಕಪ್ಪು ಫಿನೈಲು ಮನೆಯೊಳಗೆ ಬೇಡವೇ ಬೇಡ. ಯಾವ ದ್ರಾವಣವಾದರೂ ನೆಲ ಪೂರ್ತಿ ಒಣಗುವವರೆಗೆ ಕೋಣೆಯ ಬಾಗಿಲು ಹಾಕಿರಿ. ಮನೆಗೆಲಸಕ್ಕೆ ಬರುವವರಿಗೂ ಇದರ ಕಾರಣ ಕೂರಿಸಿ ಹೇಳಿ; ಕಾರಣ ತಿಳಿದರೆ ಅವರೇ ನಮಗಿಂತ ಜಾಗ್ರತೆ ಮಾಡುತ್ತಾರೆ. ಬಚ್ಚಲಲ್ಲಿ, ಬೀರುವಿನಲ್ಲಿ ಇಡುವ ನುಸಿಗುಳಿಗೆಯನ್ನು ಮರಿಗಳು ಚೆಂಡಿನ ಹಾಗೆ ಆಡಿ ನುಂಗುತ್ತವೆ, ಅದು ಕೂಡ ರಕ್ತಕಣ ಒಡೆಯುವ ವಿಷ. ಸೊಳ್ಳೆಬತ್ತಿ ಉರಿಸುವುದಾದರೆ ಎತ್ತರದಲ್ಲಿ, ಕಿಟಕಿ ತೆರೆದು. ಕಿಟಕಿಗೆ ಜಾಲರಿ ಹಾಕಿಸಿದರೆ ಅದೂ ಬೇಕಾಗುವುದಿಲ್ಲ.

6. ಹೂಕುಂಡ

ಅಂಗಳದ ಕಣಗಿಲೆ, ಹಳದಿ ಕಣಗಿಲೆ, ಎಕ್ಕ, ಉಮ್ಮತ್ತಿ ವಿಷದ ಗಿಡಗಳೆಂದು ಅಜ್ಜಿಯಂದಿರ ಕಾಲದಿಂದ ಗೊತ್ತು. ಕಣಗಿಲೆಯ ಎಲೆಯಲ್ಲಿರುವುದು ನೇರ ಹೃದಯಕ್ಕೇ ತಗುಲುವ ವಿಷ. ಹೊಸದಾಗಿ ಬಂದವುಗಳ ಬಗ್ಗೆ ಮಾತ್ರ ತಿಳಿವಳಿಕೆ ಕಡಿಮೆ. ಗೇಟಿನ ಪಕ್ಕ ಚೆಂದಕ್ಕೆ ನೆಡುವ ಸೈಕಸ್‌ನ ಬೀಜವನ್ನು ನಾಯಿ ಅಗಿದರೆ ಯಕೃತ್ತು ಹೋಗುತ್ತದೆ. ಬೊಕೆಯಲ್ಲಿ ಬರುವ ದೊಡ್ಡ ಎಸಳಿನ ಲಿಲ್ಲಿ ಹೂವು ಬೆಕ್ಕಿಗೆ ಮಾರಕ. ಎಲೆ ತಿನ್ನಲೇಬೇಕೆಂದಿಲ್ಲ, ಮೈಗೆ ಬಿದ್ದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಎರಡು ಮೂರು ದಿನದಲ್ಲಿ ಮೂತ್ರಪಿಂಡ ನಿಲ್ಲಬಹುದು. ಬೆಕ್ಕಿರುವ ಮನೆಗೆ ಲಿಲ್ಲಿ ಬೊಕೆ ಬಂದರೆ ಬಾಗಿಲಲ್ಲೇ ಬೇರೆಯವರಿಗೆ ಕೊಟ್ಟುಬಿಡಿ. ಮನಿಪ್ಲಾಂಟ್, ಡೈಫೆನ್‌ಬೇಕಿಯ ಬಾಯಿ ಉರಿಸುತ್ತವೆ, ಜೊಲ್ಲು ಸುರಿಸುತ್ತವೆ, ಸಾವಿನವರೆಗೆ ಹೋಗುವುದು ಅಪರೂಪ. ಮಲ್ಲಿಗೆ, ಗುಲಾಬಿ, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್ ಧೈರ್ಯವಾಗಿ ಬೆಳೆಸಿ.

ಗಿಡಕ್ಕಿಂತ ಗೊಬ್ಬರದ ಕಡೆ ಹೆಚ್ಚು ಗಮನ ಕೊಡಿ. ಸಾವಯವ ಎಂದು ಕೊಳ್ಳುವ ಹರಳು ಹಿಂಡಿಯಲ್ಲಿ ಹರಳು ಬೀಜದ ವಿಷ ರಿಸಿನ್ ಉಳಿದಿರಬಹುದು. ಮೂಳೆಪುಡಿ ಸೇರಿದ್ದರಂತೂ ನಾಯಿಗೆ ಅದು ತಿಂಡಿಯೇ. ಎರೆಗೊಬ್ಬರ ಸಾಕು.

7. ಸಂಪು, ಬಕೆಟ್ಟು, ಬಾಲ್ಕನಿ

ಕಾವೇರಿ ನೀರು ಬರುವ ದಿನ ಸಂಪಿನ ಮುಚ್ಚಳ ತೆಗೆದಿಟ್ಟು, ನೀರೆಷ್ಟಾಯಿತು ಎಂದು ನೋಡಿ, ಮುಚ್ಚುವುದನ್ನು ಮರೆತು ಒಳಗೆ ಹೋಗುವುದು ಬೆಂಗಳೂರಿನ ಮನೆಗಳಲ್ಲಿ ಮಾಮೂಲು. ಮರಿನಾಯಿ, ಬೆಕ್ಕಿನಮರಿ ಸದ್ದಿಲ್ಲದೆ ಬೀಳುತ್ತವೆ, ನುಣುಪು ಗೋಡೆ ಹತ್ತಲಾಗದೆ ಈಜಿ ಸೋಲುತ್ತವೆ. ಸಂಪಿನ ಬಾಯಿಗೆ ಮುಚ್ಚಳದ ಕೆಳಗೆ ಒಂದು ಕಬ್ಬಿಣದ ಜಾಲರಿ ಕೂರಿಸಿಬಿಡಿ. ತೋಟದ ಮನೆಯ ಬಾವಿಗೂ ತೊಟ್ಟಿಗೂ ಇದೇ ಮಾತು.

ಬಕೆಟ್ಟಿಗೆ ವಾಟರ್ ಹೀಟರ್ ರಾಡ್ ಹಾಕಿ ಸ್ವಿಚ್ ಒತ್ತಿದ ಮೇಲೆ ಬಚ್ಚಲ ಬಾಗಿಲು ಮುಚ್ಚಿರಲಿ. ಬಾಯಾರಿದ ನಾಯಿ ಆ ಬಕೆಟ್ಟಿಗೆ ಬಾಯಿ ಹಾಕಿದರೆ ಶಾಕ್ ಹೊಡೆದು ಅಲ್ಲೇ ಮುಗಿಯುತ್ತದೆ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಹಾಕುವ ಮೊದಲು ಡ್ರಮ್ಮಿನೊಳಗೆ ಕೈಯಾಡಿಸಿ, ಬೆಚ್ಚಗಿನ ಬಟ್ಟೆಯ ನಡುವೆ ಬೆಕ್ಕು ಮಲಗಿರುತ್ತದೆ. ಮಳೆಗಾಲದ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಬಾನೆಟ್ಟನ್ನು ಎರಡು ಸಲ ಜೋರಾಗಿ ತಟ್ಟಿ, ಅದರೊಳಗೂ ಬೆಕ್ಕು ಸೇರಿಕೊಂಡಿರಬಹುದು.

ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಬಾಲ್ಕನಿಗೆ ಬಲೆ ಹಾಕಿಸದವರಿದ್ದಾರೆ. 1987ರಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರ ವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಹೆಚ್ಚಿನವು ಬದುಕಿದವು ನಿಜ, ಆದರೆ ಎದೆಗೆ ಪೆಟ್ಟು, ದವಡೆ ಮತ್ತು ಕಾಲು ಮುರಿತ, ಅಂಗುಳು ಸೀಳಿದ್ದು ಧಾರಾಳವಾಗಿ ಕಂಡುಬಂತು. ಪಾರಿವಾಳಕ್ಕೆಂದು ಹಾಕುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ತೂತು ಮಾಡುತ್ತದೆ. ಸ್ವಲ್ಪ ದುಬಾರಿಯಾದರೂ ಲೋಹದ ಜಾಲರಿಯೇ ಸರಿ.

ಬೇಸಗೆಯಲ್ಲಿ ತಾರಸಿ, ತಗಡಿನ ಶೆಡ್ಡು, ನಿಲ್ಲಿಸಿದ ಕಾರು ಮೂರೂ ಒಲೆಗಳು. ಕಲಬುರಗಿ, ರಾಯಚೂರಿನ ಬಿಸಿಲಲ್ಲಷ್ಟೇ ಅಲ್ಲ, ಬೆಂಗಳೂರಿನ ಮಾರ್ಚ್ ಮಧ್ಯಾಹ್ನವೂ ಗಾಜು ಏರಿಸಿದ ಕಾರಿನಲ್ಲಿ ಪಗ್ ನಾಯಿಯ ಉಸಿರು ನಿಲ್ಲಿಸಬಲ್ಲದು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಮೈಗೆಲ್ಲ ನಲ್ಲಿ ನೀರು ಸುರಿದು, ಫ್ಯಾನಿನ ಗಾಳಿಗೆ ಹಿಡಿದು, ತಂಪಾಗುತ್ತಿರುವಾಗಲೇ ಆಸ್ಪತ್ರೆಗೆ ಹೊರಡಬೇಕು.

ದೀಪಾವಳಿಗೆ ಒಳಗಿನ ಒಂದು ಕೋಣೆ ಸಿದ್ಧ ಮಾಡಿ: ಪರದೆ ಎಳೆದು, ಫ್ಯಾನು ಹಾಕಿ, ನೀರಿಟ್ಟು. ಆ ಮೂರು ದಿನ ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಇರಲೇಬೇಕು. ಬೆದರಿ ಓಡಿದ ನಾಯಿಗೆ ಮನೆಯ ದಾರಿ ತಿಳಿಯುವುದಿಲ್ಲ.

8. ಆಗಿಯೇ ಹೋದರೆ, ಮೊದಲ ಅರ್ಧ ಗಂಟೆ

ಮೊದಲು ಪ್ರಾಣಿಯನ್ನು ಆ ವಸ್ತುವಿನಿಂದ ದೂರ ಮಾಡಿ. ಬಾಯಲ್ಲಿ ಉಳಿದದ್ದು ಕಂಡರೆ ತೆಗೆಯಿರಿ. ಮೈಗೆ ತಗುಲಿದ್ದರೆ ತೊಳೆಯಿರಿ.

ಆಮೇಲೆ ಪೊಟ್ಟಣ, ಮಾತ್ರೆ ಪಟ್ಟಿ, ಅಗಿದ ಎಲೆ, ವಾಂತಿಯ ಸ್ವಲ್ಪ ಭಾಗ, ಏನು ಸಿಕ್ಕಿದರೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಿ. ಪಾಷಾಣದ ಪುಡಿ ತಿಂದ ನಾಯಿಯ ವಾಂತಿಯನ್ನು ಮಾತ್ರ ಮುಟ್ಟಬೇಡಿ, ಪೊಟ್ಟಣವೇ ಸಾಕು. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಎಷ್ಟು ಗಂಟೆಗೆ, ಅಂದಾಜು ಎಷ್ಟು, ಪ್ರಾಣಿಯ ತೂಕ ಎಷ್ಟು, ಈ ಮೂರನ್ನು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ.

ಉಪ್ಪುನೀರು, ಹುಣಸೆ ನೀರು, ಸೋಪಿನ ನೀರು, ಎಣ್ಣೆ, ಹಾಲು ಕುಡಿಸಬೇಡಿ. ಊರಲ್ಲಿ ಎಲ್ಲರೂ ಹೇಳುವ ಮದ್ದುಗಳಿವು. ಮೈಯಲ್ಲಿ ಉಪ್ಪು ಹೆಚ್ಚಾಗಿ ಮಿದುಳಿಗೇ ಪೆಟ್ಟಾಗಬಹುದು, ಹುಣಸೆಯ ಕಥೆ ಮೇಲೆ ಹೇಳಿದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸಿಡ್, ಸೀಮೆಎಣ್ಣೆ ಕುಡಿದಿದ್ದರೆ ವಾಂತಿ ಮಾಡಿಸುವುದೇ ದೊಡ್ಡ ಅಪಾಯ. ಒಳಗೆ ಹೋಗುವಾಗ ಸುಟ್ಟದ್ದು ಬರುವಾಗ ಮತ್ತೆ ಸುಡುತ್ತದೆ. ವಾಂತಿ ಬೇಕೋ ಬೇಡವೋ ವೈದ್ಯರು ನಿರ್ಧರಿಸಲಿ.

ಫಿಟ್ಸ್ ಬಂದಿದ್ದರೆ ಬಾಯಿಗೆ ಕೈ, ಚಮಚ ಹಾಕಬೇಡಿ. ಸುತ್ತಲಿನ ಸಾಮಾನು ಸರಿಸಿ, ದೀಪ ಆರಿಸಿ, ಎಷ್ಟು ನಿಮಿಷವೆಂದು ಗಡಿಯಾರ ನೋಡಿ. ಬೆಕ್ಕನ್ನು ಬುಟ್ಟಿಯಲ್ಲಿ, ದೊಡ್ಡ ನಾಯಿಯನ್ನು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಒಯ್ಯಿರಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚಬಹುದು, ಆದರೆ ವಾಂತಿ ಮಾಡುತ್ತಿರುವ ನಾಯಿಯ ಬಾಯಿ ಕಟ್ಟಬೇಡಿ.

ಇದಕ್ಕೆಲ್ಲ ಇವತ್ತೇ ಮಾಡಿಟ್ಟುಕೊಳ್ಳುವ ಕೆಲಸವೊಂದಿದೆ. ನಿಮ್ಮ ವೈದ್ಯರ ನಂಬರು, ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆಯ ನಂಬರು, ಪಶುಪಾಲನಾ ಇಲಾಖೆಯ ಸಹಾಯವಾಣಿ 1962, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಸುತ್ತಿನವರು ಅಲ್ಲಿನ ಆಸ್ಪತ್ರೆಯ ಸಮಯವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪ್ರಾಣಿ ಚೆನ್ನಾಗಿರುವ ದಿನವೇ ಅದರ ಮೇಲ್ತುಟಿ ಎತ್ತಿ ವಸಡಿನ ಬಣ್ಣ ನೋಡಿ ಅಭ್ಯಾಸ ಮಾಡಿ. ಸಹಜವಾದ ಗುಲಾಬಿ ಬಣ್ಣ ಕಣ್ಣಿಗೆ ಪರಿಚಯವಿದ್ದರೆ ಬಿಳಿಚಿದ್ದು, ಕಂದಿದ್ದು, ನೀಲಿಯಾದದ್ದು ತಟ್ಟನೆ ಗೊತ್ತಾಗುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು.

ಈರುಳ್ಳಿ, ಇಲಿ ಬಿಲ್ಲೆಯಂಥದ್ದು ತಿಂದಾಗ ವೈದ್ಯರು ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದ ಮೇಲೂ ಒಂದು ವಾರ ದಿನಾ ಬೆಳಿಗ್ಗೆ ಹೀಗೇ ವಸಡು ನೋಡಿ, ಉಚ್ಚೆಯ ಬಣ್ಣ ನೋಡಿ, ಎಷ್ಟು ತಿಂತು ಅಂತ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಿ. ಮತ್ತೆ ತೋರಿಸಲು ಹೋಗುವಾಗ ಆ ಹಾಳೆಯ ಚಿತ್ರ ತೆಗೆದುಕೊಂಡು ಹೋಗಿ.